ಹಾಲು ಕರೆಯುವ ಹೊತ್ತಿನ ಮೀಟಿಂಗು

ತಾವು ಕೂತುಕೊಳ್ಳುವ ಕೋಣೆ ಹೋಗಿಬಿಡುತ್ತದೆ ಎಂದು ನಮ್ಮೂರ ಡೇರಿಯ ಬೋರ್ಡು ಹಾಲಿನ ಕೂಲರನ್ನು ಬೇಡವೆಂದಿತು. ನಡೆದದ್ದು ಇಷ್ಟೇ. ಕರೆಂಟು ಸಾಲದು, ನೀರು ಸಾಲದು, ಜನ ಒಪ್ಪುವುದಿಲ್ಲ ಎಂದು ಆಮೇಲೆ ಹೇಳಿಕೊಂಡು ತಿರುಗಿದ್ದೆಲ್ಲ ಕಟ್ಟಿದ ಮಾತು. ಅವತ್ತು ನಾನು ಆ ಕೋಣೆಯಲ್ಲೇ ಇದ್ದೆ.

ಈ ಸಲ ಗೆದ್ದುಬಂದ ಹೊಸ ಡೈರೆಕ್ಟರು ಹೆಣ್ಣುಮಕ್ಕಳು ಮೊನ್ನೆ ಮನೆಗೆ ಬಂದಿದ್ದರು. "ಅಜ್ಜಿ, ನೀನು ಡೇರೀಲೇ ಮುದುಕಿ ಆದೋಳು. ಬೋರ್ಡು ಅಂದ್ರೆ ಎಂಗಿರ್ಬೇಕು, ಏನ್ ಮಾಡ್ಬೇಕು, ನಮಗೆ ಬರ್ದು ಕೊಡು" ಎಂದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ದಪ್ಪ, ತಪ್ಪೂ ಇರುತ್ತವೆ. ಬೋರ್ಡು ಹೇಗಿರಬೇಕು ಎಂದು ನನಗೂ ಪೂರ್ತಿ ಗೊತ್ತಿಲ್ಲ. ಹೇಗಿದ್ದರೆ ಕೆಡುತ್ತದೆ ಎನ್ನುವುದು ಚೆನ್ನಾಗಿ ಗೊತ್ತು. ಅದನ್ನೇ ಬರೆಯುತ್ತೇನೆ.

ಬೂದಿಕೋಟೆ ಕಡೆ ಡೇರಿ ಎಂದರೆ ಊರಿನ ಹಾಲಿನ ಸಂಘ. ಹಸು ಇರುವವರು ಬೆಳಿಗ್ಗೆ ಸಂಜೆ ಅಲ್ಲಿ ಹಾಲು ಹಾಕುತ್ತಾರೆ. ಹಾಕುವವರೆಲ್ಲ ಸೇರಿ ಡೈರೆಕ್ಟರುಗಳನ್ನು ಆರಿಸುತ್ತಾರೆ, ಡೈರೆಕ್ಟರುಗಳು ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ. ಇವರೆಲ್ಲ ಕೂತರೆ ಅದು ಬೋರ್ಡು. ಕಾಗದದ ಮೇಲೆ ಇದಕ್ಕಿಂತ ಚೆಂದದ ಏರ್ಪಾಡು ಇನ್ನೊಂದಿಲ್ಲ.

ನಾನು ಸೇರಿದ್ದು ಕ್ಯಾನು ತೊಳೆಯುವ ಕೆಲಸಕ್ಕೆ. ಆಮೇಲೆ ಹಾಲು ಪರೀಕ್ಷೆ ಮಾಡುವ ಟೆಸ್ಟರ್ ಆದೆ. ಕಲಿಸಿದವರು ಸೆಲ್ವಂ ಸಾರ್. ಕೆಜಿಎಫ್‌ನವರು, ಅವರ ಅಪ್ಪ ಚಿನ್ನದ ಗಣಿಯೊಳಗೆ ಇಳಿದು ದುಡಿದವರು. ಸಾರ್ ಊರೂರಿನ ಹಾಲು ಕೊಳ್ಳುವ ಮೇಲಿನ ಆಫೀಸಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತಮಿಳು. ಆಗ ಹಾಲಿನ ಜಿಡ್ಡು ನೋಡಲು ಗಾಜಿನ ಕೊಳವೆಗೆ ಆಸಿಡ್ ಬಿಟ್ಟು, ಅದರ ಮೇಲೆ ಹಾಲು ಬಿಟ್ಟು, ಮುಚ್ಚಳ ಬಿಗಿದು ಕೈಯಿಂದ ತಿರುಗಿಸುವ ಯಂತ್ರಕ್ಕೆ ಹಾಕಬೇಕಿತ್ತು.

"ನಾರಾಯಣಮ್ಮಾ, ಮೊದ್ಲು ಆಸಿಡ್. ಅಪ್ಪುರಂ ಹಾಲು. ಅದಲ್ಬದಲ್ ಮಾಡ್ದೆ ಅಂದ್ರೆ ಮುಖ ಪೋಚ್ಚು!" ಎಂದು ಹೆದರಿಸುತ್ತಿದ್ದರು. ಮುಖ ಉಳಿಯಿತು. ಸೀರೆಗಳು ಉಳಿಯಲಿಲ್ಲ. ನನ್ನ ಸೆರಗುಗಳೆಲ್ಲ ಆಸಿಡ್ ಹನಿ ಬಿದ್ದು ಜರಡಿಯಾಗಿದ್ದವು. ಈಗಿನ ಹುಡುಗಿಯರು ಮೆಷಿನ್ನಿಗೆ ಹಾಲು ತೋರಿಸಿದರೆ ಚೀಟಿ ಬರುತ್ತದೆ. ಬರಲಿ, ಒಳ್ಳೆಯದೇ. ಆದರೆ ಆ ಮೆಷಿನ್ನಿನ ನಳಿಕೆಯನ್ನು ಪ್ರತಿ ಹೊತ್ತೂ ಬಿಸಿನೀರಿನಲ್ಲಿ ತೊಳೆಯಬೇಕು. ಬಿಸಿನೀರು ಎಲ್ಲಿಂದ ಬರಬೇಕು ಎಂದು ಯೋಚಿಸುವುದು ಬೋರ್ಡಿನ ಕೆಲಸ. ನಮ್ಮ ಬೋರ್ಡು ಮೆಷಿನ್ನಿಗೆ ಹೂವಿನ ಹಾರ ಹಾಕಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿತು. ಬಿಸಿನೀರನ್ನು ನಾನು ನಮ್ಮ ಮನೆಯ ಒಲೆಯಿಂದ ತಂದೆ.

ಹಳೆಯ ಬೋರ್ಡಿನ ಕಥೆ ಮೊದಲು ಹೇಳಿಬಿಡುತ್ತೇನೆ. ಅದರಲ್ಲಿ ಎಲ್ಲ ಗಂಡಸರೇ, ಅದೂ ಒಂದೇ ಬೀದಿಯವರು. ಅಧ್ಯಕ್ಷರ ತಮ್ಮ ಒಬ್ಬ, ಅವರ ಷಡ್ಡಕ ಒಬ್ಬ, ಅಳಿಯ ಒಬ್ಬ. ಅಧ್ಯಕ್ಷರು ತಪ್ಪು ಮಾಡಿದರೆ ಕೇಳಬೇಕಾದವನು ಅಳಿಯ. ಡೇರಿಯಲ್ಲಿ ಮಾವನನ್ನು ನಿಲ್ಲಿಸಿ ಕೇಳಿದರೆ ಹಬ್ಬಕ್ಕೆ ಆ ಮನೆಗೆ ಯಾವ ಮುಖ ಇಟ್ಟುಕೊಂಡು ಊಟಕ್ಕೆ ಹೋಗುತ್ತಾನೆ? ಹಾಗಾಗಿ ಅವನು ಸುಮ್ಮನಿದ್ದ. ಅವನು ಸುಮ್ಮನಿದ್ದಾನೆಂದು ಉಳಿದವರೂ ಸುಮ್ಮನಿದ್ದರು.

ಡೇರಿಯ ಕಟ್ಟಡ ಎದ್ದ ಕಾಲದಲ್ಲಿ ಕ್ಯಾನು ತೊಳೆಯಲು ಒಂದು ನಲ್ಲಿ ಹಾಕಿಸಿ ಎಂದು ಕೇಳಿದೆ. ಬೋರ್‌ವೆಲ್ಲಿನ ತೊಟ್ಟಿಯಿಂದ ಕೊಡದಲ್ಲಿ ನೀರು ಹೊತ್ತು ತಂದು ತೊಳೆಯುತ್ತಿದ್ದೆವು. ಬೋರ್ಡು ಸಭೆ ಕರೆಯಿತು. ಸಭೆಯೆಲ್ಲ ಯಾವುದರ ಮೇಲೆ ನಡೆಯಿತು ಗೊತ್ತೇ? ಗೋಡೆಗೆ ಹಾಕುವ ಕಲ್ಲಿನ ಮೇಲೆ ಯಾರ ಹೆಸರು ಮೇಲಿರಬೇಕು, ಯಾರದು ಕೆಳಗೆ ಎನ್ನುವುದರ ಮೇಲೆ. ಷಡ್ಡಕನ ಹೆಸರು ತಮ್ಮನ ಹೆಸರಿಗಿಂತ ಕೆಳಗೆ ಬಂತೆಂದು ಅವನು ಎದ್ದು ಹೋದ. ಅವನನ್ನು ಸಮಾಧಾನ ಮಾಡಲು ಇನ್ನೊಂದು ಸಭೆ. ನಲ್ಲಿಯ ಮಾತು ಬರಲೇ ಇಲ್ಲ. ಆ ಬೇಸಿಗೆಯಲ್ಲಿ ಸರಿಯಾಗಿ ತೊಳೆಯದ ಕ್ಯಾನಿನಲ್ಲಿ ಊರ ಹಾಲೆಲ್ಲ ಒಡೆದು ವಾಪಸು ಬಂತು.

ಆಗ ಬೋರ್ಡಿಗೆ ನನ್ನ ನೆನಪಾಯಿತು. ಬಾಗಿಲ ಹೊರಗೆ ನಿಲ್ಲಿಸಿದರು. ಕೆಲಸದವರು ಒಳಗೆ ಬರುವ ಪದ್ಧತಿ ಇರಲಿಲ್ಲ.

"ಏನಮ್ಮೋ, ಊರ ಆಲೆಲ್ಲಾ ಮಣ್ಣುಪಾಲು ಮಾಡ್ದೆ" ಎಂದರು ಅಧ್ಯಕ್ಷರು.

"ನೀರು ಕೊಡಿ ಅಂದ್ರೆ ಕಲ್ಲು ಕೊಟ್ರಿ. ಕಲ್ಲಲ್ಲಿ ಕ್ಯಾನ್ ತೊಳೀಲಾ?" ಎಂದೆ.

ಸೆಲ್ವಂ ಸಾರ್ ಅವತ್ತು ಬಂದಿದ್ದರು. ಆಮೇಲೆ ಬಸ್ಸಿಗೆ ಕಾಯುವಾಗ ಹೇಳಿದರು: "ನಮ್ಮಪ್ಪ ಗಣೀಲಿ ಇಳಿಯುವಾಗ ಮೇಸ್ತ್ರೀನೂ ಹಗ್ಗಕ್ಕೆ ಕಟ್ಟಿದ ಅದೇ ತೊಟ್ಟಿಲಲ್ಲಿ ಇಳೀಬೇಕು. ಹಗ್ಗ ಸರಿಯಾಗಿದೆಯಾ ಅಂತ ಅವನೇ ನೋಡ್ತಾನೆ, ಅವನ ಉಸಿರೂ ಅದರಲ್ಲೇ ಇದೆಯಲ್ಲಾ. ನಿಮ್ಮ ಬೋರ್ಡೋರು ಮೇಲೇ ನಿಂತ್ಕೊಂಡು ಹಗ್ಗ ಬಿಡ್ತಾರಮ್ಮಾ." ಬೋರ್ಡಿನ ವಿಷಯದಲ್ಲಿ ಯಾರೂ ನನಗೆ ಇದಕ್ಕಿಂತ ನೆಟ್ಟಗೆ ಏನನ್ನೂ ಹೇಳಿಕೊಟ್ಟಿಲ್ಲ. ಮಾರನೆಯ ವರ್ಷ ಅವರಿಗೆ ಬೇರೆ ಕಡೆ ವರ್ಗವಾಯಿತು.

ಹಳೆಯ ಸಂಘ ಅವರವರ ಜಗಳದಲ್ಲೇ ಮುಚ್ಚಿಹೋಯಿತು. ಕೆಲವು ಕಾಲದ ಮೇಲೆ ಅದೇ ಕಟ್ಟಡದಲ್ಲಿ ಮಹಿಳಾ ಸಂಘ ಶುರುವಾಯಿತು. ಸದಸ್ಯರೆಲ್ಲ ಹೆಂಗಸರು, ಡೈರೆಕ್ಟರುಗಳೆಲ್ಲ ಹೆಂಗಸರು. ಮೇಲಿನಿಂದ ಬಂದ ಸಾಹೇಬರು ಭಾಷಣ ಮಾಡಿದರು, ನಾವು ಚಪ್ಪಾಳೆ ತಟ್ಟಿದೆವು. ಹಸುವಿಗೆ ಹುಲ್ಲು ಹಾಕುವವಳು, ಸಗಣಿ ಬಾಚುವವಳು, ಹಾಲು ಕರೆಯುವವಳು ಹೆಂಗಸು. ಅವಳೇ ಡೇರಿಯನ್ನೂ ನಡೆಸಲಿ ಎಂದರೆ ನ್ಯಾಯವಾದ ಮಾತಲ್ಲವೇ?

ಮೀಟಿಂಗು ಯಾವಾಗ ಇಡಬೇಕು ಎಂಬ ಪ್ರಶ್ನೆ ಬಂತು. ಅಲ್ಲೇ ಕೆಟ್ಟದ್ದು.

ನಮ್ಮೂರ ಗಂಡಸರು ಬಹಳ ಜನ ಬಂಗಾರಪೇಟೆಯಿಂದ ಮುಂಜಾನೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ಬಿಡುವು ಭಾನುವಾರ. ಊಟ ಮಾಡಿ ಮಲಗಿ ಏಳುವ ಹೊತ್ತಿಗೆ ಸಂಜೆ ಐದು. "ಬಾನುವಾರ ಐದ್ ಗಂಟೆಗೆ ಇಟ್ಕೊಳಿ, ನಾವೂ ಬತ್ತೀವಿ, ಸಹಾಯ ಮಾಡ್ತೀವಿ" ಎಂದರು. ಐದು ಗಂಟೆಗೆ ಹೆಂಗಸರೆಲ್ಲ ಕೊಟ್ಟಿಗೆಯಲ್ಲಿ ಹಸುವಿನ ಹೊಟ್ಟೆಗೆ ತಲೆ ಆನಿಸಿ ಕೂತಿರುತ್ತಾರೆ. ಹಸುವಿಗೆ ಭಾನುವಾರ ಗೊತ್ತೇ? ಹಾಗಾಗಿ ಹಾಲು ಹಾಕುವವರ ಬೋರ್ಡು ಹಾಲು ಕರೆಯುವ ಹೊತ್ತಿಗೇ ಸೇರತೊಡಗಿತು. ಬೇರೆ ಊರಿನವರಿಗೆ ಹೇಳಿದರೆ ನಂಬುವುದಿಲ್ಲ, ನಗುತ್ತಾರೆ. ಹೆಂಡತಿಯರು ಬರಲಾಗದ ಕಡೆ ಗಂಡಂದಿರು ಕೂತರು. ಅವರು ಮಾತಾಡಿಕೊಂಡಿದ್ದನ್ನು ಬರೆದು ಮನೆಗೆ ಒಯ್ದು, ಸಗಣಿ ಕೈ ಒರೆಸಿಸಿ ಹೆಂಡತಿಯಿಂದ ಸೈನು ಹಾಕಿಸಿಕೊಂಡರು. ಮೇಲಿನ ಆಫೀಸಿನಲ್ಲಿ ನೋಡಿದರೆ ಎಲ್ಲ ಹೆಂಗಸರದೇ ಹೆಸರು.

ಟೆಸ್ಟರ್ ಆಗಿದ್ದಷ್ಟು ದಿನ ಬಾಗಿಲ ಹೊರಗೆ ನಿಂತು ಇದನ್ನು ನೋಡಿದೆ. ಕಣ್ಣು ಮಂಜಾಗಿ ಕೆಲಸ ಬಿಟ್ಟೆ. ಮುಂದಿನ ಚುನಾವಣೆಯಲ್ಲಿ ನಿಂತು ಡೈರೆಕ್ಟರ್ ಆದೆ. ನನ್ನ ಕಡೆಯಿಂದ ಕೂರಲು ನನ್ನ ಯಜಮಾನರು ಬದುಕಿರಲಿಲ್ಲ. ಹಾಗಾಗಿ ನಾನೇ ಹೋಗಿ ಕೂತೆ. ಮೊದಲ ಸಲ ಹೋದಾಗ ಒಬ್ಬ, "ಅಕ್ಕ, ಟೀ ತಂದ್ಯಾ?" ಎಂದ. "ಟೀ ಕುಡಿಯೋಕೆ ಬಂದೆ, ಕಣ್ಲಾ. ಓಗಿ ತತ್ತಾ" ಎಂದೆ.

ಅಧ್ಯಕ್ಷೆ ಮಂಜುಳಾ. ನನಗೆ ದೂರದ ಸಂಬಂಧದಲ್ಲಿ ಮಗಳಾಗಬೇಕು, ದೊಡ್ಡಮ್ಮ ಎನ್ನುತ್ತಾಳೆ. ಹತ್ತನೇ ಕ್ಲಾಸು ಪಾಸಾದವಳು, ಮನೆಯಲ್ಲಿ ಸೀಮೆಹಸುಗಳಿವೆ, ಹಾಲು ಕರೆಯಲು ಒಳ್ಳೆಯ ಕೈ. ಅವಳ ಗಂಡ ಗೋಪಾಲಪ್ಪ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವನು. ಊರಿನಲ್ಲಿ ಅಧ್ಯಕ್ಷರು ಎಂದರೆ ಜನ ಅವನನ್ನೇ ನೋಡುತ್ತಿದ್ದರು, ಅವನೂ ತಿರುಗಿ ನೋಡುತ್ತಿದ್ದ. ಕಟ್ಟಡದ ಹಿಂದಿನ ದೊಡ್ಡ ಕೋಣೆಯನ್ನು ಬೋರ್ಡಿನ ಕೋಣೆ ಮಾಡಿ ಬಣ್ಣ ಹೊಡೆಸಿದ, ಉದ್ದದ ಮೇಜು, ಕುರ್ಚಿ ತರಿಸಿದ. ತನಗೆ ಮೆತ್ತೆ ಇರುವ, ಗಿರ್ರನೆ ತಿರುಗುವ ಕುರ್ಚಿ. ಕೋಣೆಗೆ ಬೀಗ. ಬೀಗದ ಕೈ ಅವನ ಜೇಬಿನಲ್ಲಿ. ಹಾಲು ಹಾಕುವವರು ಮಳೆ ಬಂದರೆ ಹೊರಗೆ ನೆನೆಯುತ್ತಿದ್ದರು, ಕುರ್ಚಿಗಳು ಒಳಗೆ ಬೆಚ್ಚಗಿದ್ದವು.

ಆ ವರ್ಷ ಮೇಲಿನ ಆಫೀಸಿನಿಂದ ಒಬ್ಬ ಹುಡುಗಿ ಅಧಿಕಾರಿ ಬಂದಳು. ಮೇಡಂ ಎನ್ನುತ್ತಿದ್ದೆವು. ಅವಳು ಹಾಲು ಹಾಕುವ ಸಾಲಿನಲ್ಲೇ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಇನ್ನು ಸಂಜೆ ಕ್ಯಾನಿನ ಗಾಡಿ ಬರುವುದಿಲ್ಲ. ಹಾಲು ತಣ್ಣಗಿಡುವ ದೊಡ್ಡ ಕೂಲರ್ ಇರುವ ಊರಿಗೆ ಮಾತ್ರ ಟ್ಯಾಂಕರ್ ಬರುತ್ತದೆ. ನಿಮ್ಮೂರಿಗೆ ಒಂದು ಕೂಲರ್ ಕೊಡಬಹುದು. ಹಿಂದಿನ ಕೋಣೆ ಖಾಲಿ ಮಾಡಿಕೊಟ್ಟರೆ ಸಾಕು. ಬೇಡ ಎಂದರೆ ಕೆರೆಯಾಚೆಯ ಊರಿಗೆ ಕೊಡುತ್ತೇವೆ, ನೀವು ಸಂಜೆ ಹಾಲನ್ನು ಅಲ್ಲಿಗೆ ಒಯ್ಯಬೇಕು. ಸೋಮವಾರ ಬೆಳಿಗ್ಗೆ ಬಂದು ಕೇಳುತ್ತೇನೆ."

ಸಾಲಿನಲ್ಲಿ ನನ್ನ ಹಿಂದೆ ಚಿನ್ನಕ್ಕ ಇದ್ದಳು. ನನ್ನ ಓರಗೆಯವಳು, ಗಂಡ ಇಲ್ಲ, ಮಕ್ಕಳಿಲ್ಲ, ಮಂಡಿ ನೋವು. ಇರುವುದು ಒಂದು ಹಸು. ಸ್ಕೂಟರು ಓಡಿಸುವ ಗಂಡಸರಿರುವ ಮನೆಯವರು ಕೆರೆಯಾಚೆಗೆ ಹೇಗೋ ಒಯ್ಯುತ್ತಾರೆ. ಚಿನ್ನಕ್ಕ ಬಿಂದಿಗೆ ಹೊತ್ತು ಕೆರೆ ಏರಿ ದಾಟುವ ಹೊತ್ತಿಗೆ ಕತ್ತಲು, ಹಾಲೂ ಹುಳಿ.

"ದಲ್ಲಾಳಿ ಬಂದು ನೋಡ್ಕೊಂಡು ಓಗವ್ನೆ, ನಾರಾಯಣಿ. ಸೋಮವಾರ ಇಲ್ಲ ಅಂದ್ರೆ ಅಗ್ಗ ಬಿಚ್ಚಿ ಕೊಟ್ಬಿಡ್ತೀನಿ. ಒಂದೊತ್ತಿನ ಆಲಿಗೆ ಅಸು ಸಾಕಕ್ಕಾಗ್ತದಾ?" ಎಂದಳು.

"ಆಮೇಲೆ ನೀನೇನ್ ಮಾಡ್ತೀಯ?"

"ನಾನೂನೂ ಮಾರ್ಕೋತೀನಿ, ನನ್ನ ಯಾರು ಕೊಂಡ್ಕೋತಾರೆ ಏಳು" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಭಾನುವಾರ ಐದಕ್ಕೆ ನನ್ನ ಹಸುವನ್ನು ಚಿನ್ನಕ್ಕನಿಗೇ ಒಪ್ಪಿಸಿ ಮೀಟಿಂಗಿಗೆ ಹೋದೆ. ಕುರ್ಚಿಗಳಲ್ಲಿ ಗಂಡಂದಿರು. ಬೋರ್ಡಿನವಳು ಎಂದು ನಾನೊಬ್ಬಳೇ.

"ಕೂಲರ್ ಇಕ್ಕಿದ್ರೆ ಈ ರೂಮು ಓಯ್ತದೆ. ಮೀಟಿಂಗ್ ಎಲ್ಲಿ ಮಾಡಾಣ?" ಎಂದು ಗೋಪಾಲಪ್ಪ ಶುರುಮಾಡಿದ.

"ಮರದ ಕೆಳಗೆ ಮಾಡಾಣ" ಎಂದೆ.

"ದೊಡ್ಡೋರು ಯಾರಾನ ಬಂದ್ರೆ ಎಲ್ಲಿ ಕೂರುಸ್ತೀಯಾ?" ಎಂದ.

"ದೊಡ್ಡೋರು ಬರೋದು ವರ್ಸಕ್ಕೊಂದ್ಸಲ. ಆಲು ಬರೋದು ದಿನಾ ಎರಡೊತ್ತು. ನೀನು ಅಸು ಮುಟ್ಟಿ ಎಷ್ಟು ದಿನ ಆಯ್ತಪ್ಪ?"

ಅವನ ಪಕ್ಕದಲ್ಲಿದ್ದವನೇ, "ಸಂಕ್ರಾಂತೀಲಿ ಮುಟ್ಟವ್ನೆ ಬಿಡಕ್ಕ, ಕೊಂಬಿಗೆ ಬಣ್ಣ ಬಳೀವಾಗ" ಎಂದ. ಎಲ್ಲರೂ ನಕ್ಕರು. ನಕ್ಕವರೆಲ್ಲ ಆಮೇಲೆ ಗೋಪಾಲಪ್ಪನ ಮಾತಿಗೇ ಕೈ ಎತ್ತಿದರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು. ಕೂಲರ್ ಬಂದರೂ ಬಾರದಿದ್ದರೂ ಅವರ ರೈಲು ಹೊರಡುತ್ತದೆ, ಅವರ ಕೆಲಸ ನಡೆಯುತ್ತದೆ. ಕಳೆದುಕೊಳ್ಳುವುದೇನಾದರೂ ಇದ್ದರೆ ಭಾನುವಾರ ಕೂರುವ ಕುರ್ಚಿ. ಅದನ್ನು ಉಳಿಸಿಕೊಂಡರು. ಚಿನ್ನಕ್ಕ ಆ ಕೋಣೆಯಲ್ಲಿ ಕೂತಿದ್ದರೆ ಅವಳೂ ತನ್ನದನ್ನು ಉಳಿಸಿಕೊಳ್ಳುತ್ತಿದ್ದಳು. ನಮ್ಮ ಹೆಣ್ಣುಮಕ್ಕಳೇ, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬೋರ್ಡಿನಲ್ಲಿ ಒಳ್ಳೆಯವರು ಇದ್ದಾರಾ ಎಂದು ಆಮೇಲೆ ನೋಡಿ. ಅಲ್ಲಿ ಆಗುವ ತೀರ್ಮಾನದಿಂದ ಪೆಟ್ಟು ತಿನ್ನುವವರು ಯಾರಾದರೂ ಕೂತಿದ್ದಾರಾ, ಕೂರುವ ಹೊತ್ತಿಗೆ ಅವರು ಬರಲು ಆಗುತ್ತದಾ ಎಂದು ಮೊದಲು ನೋಡಿ.

ಅಲ್ಲಿಂದ ನೇರ ಮಂಜುಳಾಳ ಕೊಟ್ಟಿಗೆಗೆ ಹೋದೆ. ಕೊನೆಯ ಹಸು ಕರೆಯುತ್ತಿದ್ದಳು. ಕೂಲರ್ ಬೇಡವೆಂದು ಆಯಿತು ಎಂದು ಹೇಳಿದೆ.

"ಅವ್ರು ಊಟದ ಹೊತ್ತಲ್ಲೇ ಅಂದ್ರು, ದೊಡ್ಡಮ್ಮ" ಎಂದಳು, ತಲೆ ಎತ್ತಲಿಲ್ಲ.

"ನೀನೇನಂದೆ?"

"ನನ್ನ ಕೇಳಿದ್ರಾ?"

"ಅಧ್ಯಕ್ಷೆ ನೀನಲ್ವೇನೇ?"

"ಬೋರ್ಡಲ್ಲಿ ಅಧ್ಯಕ್ಷೆ. ಮನೇಲಿ ನಾನಿರಬೇಕಲ್ಲಾ, ದೊಡ್ಡಮ್ಮ. ಗಲಾಟೆ ಮಾಡ್ಕೊಂಡು ಎಲ್ಲಿಗೆ ಓಗ್ಲಿ?"

"ಗಲಾಟೆ ಮಾಡು ಅಂದ್ನಾ ನಾನು? ಚಿನ್ನಕ್ಕ ಅಸು ಮಾರ್ತಾಳೆ. ನಾಳೆ ದಲ್ಲಾಳಿ ಬತ್ತಾನೆ. ನಿನ್ನ ಹೆಸರಿಟ್ಟು ಬೇಡ ಅಂತಾರೆ, ಅದ್ನ ತಿಳ್ಕೋ."

ಬಕೆಟ್ಟಿಗೆ ಹಾಲು ಬೀಳುವ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು. ಕಾಯುವುದರಲ್ಲಿ ಅರ್ಥವಿಲ್ಲ ಎಂದು ಎದ್ದೆ. ಬಾಗಿಲಿಗೆ ಬಂದಾಗ ಹಿಂದಿನಿಂದ, "ಸೈನ್ ಹಾಕಿಲ್ಲ ದೊಡ್ಡಮ್ಮ, ಇನ್ನೂನೂ" ಎಂದಳು. ನಾನು ತಿರುಗಿ ನೋಡಿದೆ. ಅವಳು ಹಸುವನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಯೋಚಿಸಿದೆ. ಸೋಮವಾರ ಬೆಳಿಗ್ಗೆ ಗೋಪಾಲಪ್ಪ ಎಲ್ಲಿರುತ್ತಾನೆ? ರೈಲಿನಲ್ಲಿ. ಉಳಿದ ಗಂಡಂದಿರು? ಅವರೂ ರೈಲಿನಲ್ಲಿ. ಡೈರೆಕ್ಟರು ಹೆಂಗಸರು ಎಲ್ಲಿರುತ್ತಾರೆ? ಡೇರಿಯ ಸಾಲಿನಲ್ಲಿ, ಬಿಂದಿಗೆ ಹಿಡಿದು. ಇಡೀ ಬೋರ್ಡು ಒಂದೇ ಕಡೆ, ತಾನಾಗಿಯೇ ಸೇರುವ ಹೊತ್ತು ದಿನಾ ಬೆಳಿಗ್ಗೆ ಇದೆ. ನಾವು ಅಷ್ಟು ಕಾಲ ಅದನ್ನು ಮೀಟಿಂಗು ಎಂದುಕೊಂಡಿರಲಿಲ್ಲ, ಅಷ್ಟೇ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಒಬ್ಬೊಬ್ಬ ಡೈರೆಕ್ಟರು ಹಾಲು ಹಾಕಿ ಈಚೆ ಬಂದ ಹಾಗೆ ಕೈ ಹಿಡಿದು ಪಕ್ಕಕ್ಕೆ ನಿಲ್ಲಿಸಿಕೊಂಡೆ. ಕೂಲರ್ ಬೇಕೋ ಬೇಡವೋ ಎಂದು ಬಿಚ್ಚಿ ಕೇಳಿದೆ. "ಬೇಕು" ಎನ್ನಲು ಒಬ್ಬರಿಗೂ ಒಂದು ಉಸಿರಿಗಿಂತ ಹೆಚ್ಚು ಹೊತ್ತು ಹಿಡಿಯಲಿಲ್ಲ. "ನಮ್ಮನೆಯೋರು ನೆನ್ನೆ ಬೇಡ ಅಂದವ್ರಂತೆ?" ಎಂದು ಒಬ್ಬಳು ಅನುಮಾನಿಸಿದಳು. "ನಿಮ್ಮನೆಯೋರು ಆಲು ಕರೀತಾರಾ?" ಎಂದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಅವ್ರು ಬಂದ್ರೆ ಅಸು ಒದೀತದೆ" ಎಂದಳು.

ಮಂಜುಳಾ ಕೊನೆಗೆ ಬಂದಳು. ಕಣ್ಣು ಊದಿಕೊಂಡಿತ್ತು. ರಾತ್ರಿ ಏನಾಯಿತೆಂದು ನಾನು ಕೇಳಲಿಲ್ಲ. ಬಿಂದಿಗೆ ಕೆಳಗಿಟ್ಟಳು, ಹಾಲು ಹಾಕಿದಳು, ಚೀಟಿ ತೆಗೆದುಕೊಂಡಳು. ನೆಟ್ಟಗೆ ನಮ್ಮ ಕಡೆ ಬಂದು ನಿಂತಳು.

"ಮೇಡಂ ಬರೋ ಒತ್ತಾಯ್ತು. ರೂಮಿನ ಬೀಗದ ಕೈ ಎಲ್ಲೇ?" ಎಂದೆ.

"ರೈಲಲ್ಲಿ ಓಯ್ತು."

ಅತ್ತ ಚಿನ್ನಕ್ಕ ಗೋಡೆಗೊರಗಿ ನಿಂತಿದ್ದಳು. ಮಂಜುಳಾ ಅವಳನ್ನೊಮ್ಮೆ ನೋಡಿದಳು, ಬೀಗ ಹಾಕಿದ್ದ ಬಾಗಿಲನ್ನು ನೋಡಿದಳು.

"ಒಡಿ, ದೊಡ್ಡಮ್ಮ."

"ಯಾರು ಏಳ್ತಿರೋದು?" ಎಂದೆ. ಎಲ್ಲರಿಗೂ ಕೇಳಿಸಲಿ ಎಂದೇ ಕೇಳಿದೆ.

"ಅಧ್ಯಕ್ಷೆ ಏಳ್ತಾವ್ಳೆ. ಒಡಿ."

ಅವಳು ಬೋರ್ಡಿಗೆ ಬಂದ ಮೇಲೆ ಕೊಟ್ಟ ಮೊದಲ ಆರ್ಡರು ಅದು. ಅಂಗಳದಲ್ಲಿದ್ದ ಗುಂಡುಕಲ್ಲು ಎತ್ತಿ ಹೊಡೆದೆ. ಬೀಗ ಗಟ್ಟಿಯಾಗಿತ್ತು, ಕೊಂಡಿಯೇ ಕಿತ್ತುಕೊಂಡು ಬಂತು. ಒಳಗೆ ಬಣ್ಣದ ವಾಸನೆ. ಮೆತ್ತೆಯ ಕುರ್ಚಿ ಮೊದಲು ಸಿಕ್ಕಿತು, ಅದನ್ನೇ ಎಳೆದು ತಂದು ಬಿಸಿಲಿಗಿಟ್ಟೆ. ಚಿನ್ನಕ್ಕನ ತೋಳು ಹಿಡಿದು ಅದರ ಮೇಲೆ ಕೂರಿಸಿದೆ. ಕುರ್ಚಿ ಗಿರ್ರನೆ ತಿರುಗಿತು, ಅವಳು ಬಿಂದಿಗೆಯನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು, "ಬೀಳುಸ್ತೀಯೇನೇ ನನ್ನ!" ಎಂದು ಬೈದಳು. ದೂರದಲ್ಲಿ ಮೇಡಂ ಸ್ಕೂಟರಿನ ಸದ್ದು ಕೇಳುತ್ತಿತ್ತು. ನಾನು ಎರಡನೇ ಕುರ್ಚಿ ತರಲು ಒಳಗೆ ಹೋದೆ.